ತಲೆ ತಣ್ಣಗಿದೆ ಎಂದವನು

"ಗುರುಗಳೇ, ಕೋಪ ನನ್ನನ್ನು ಪೂರ್ತಿ ಬಿಟ್ಟುಹೋಗಿದೆ ಎಂದು ತಿಳಿಯುವುದು ಹೇಗೆ?"

ಕೇಳಿದವನು ಬೊಮ್ಮಯ್ಯ. ಕೇಳಿದ ಧಾಟಿ ನೋಡಿದರೆ ಉತ್ತರ ಅವನಿಗೆ ಆಗಲೇ ಗೊತ್ತಿತ್ತು. ಗುರುಗಳ ಬಾಯಿಂದ ಒಮ್ಮೆ ಬಂದುಬಿಟ್ಟರೆ ಆಯಿತು ಎಂದು ಕಾದಿದ್ದ. ಮರುದಿನ ಅವನಿಗೆ ದೀಕ್ಷೆ. ಆ ಮಠದ ಕಟ್ಟಳೆ ಸರಳ: ದೀಕ್ಷೆ ಆದವನು ಹುಟ್ಟಿದ ಮನೆಯ ಹೊಸ್ತಿಲನ್ನು ಮತ್ತೆ ತುಳಿಯುವಂತಿಲ್ಲ, ಒಡಹುಟ್ಟಿದವರ ಸುದ್ದಿ ವಿಚಾರಿಸುವಂತಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಯಾರ ಮೇಲಾದರೂ ಸಿಟ್ಟು ಉಳಿಸಿಕೊಂಡವನಿಗೆ ದೀಕ್ಷೆ ಇಲ್ಲ.

ಗುರುಗಳು ಅಡುಗೆಮನೆಯಲ್ಲಿ ಈಳಿಗೆಮಣೆಯ ಮುಂದೆ ಕುಳಿತು ಮೊಗೆಕಾಯಿ ಹೆಚ್ಚುತ್ತಿದ್ದರು. ಕಾವಿ ಉಡುವ ಮೊದಲು ಅವರು ಸರಕಿನ ಹಡಗುಗಳಲ್ಲಿ ಅಡುಗೆಯವರಾಗಿ ಲೋಕ ಸುತ್ತಿದವರು. ಅಂಕೋಲೆಯ ಕಡೆಯ ಜನ ಈಗಲೂ ಅವರನ್ನು ಕರೆಯುವುದು ಹಡಗಿನ ಸ್ವಾಮಿ ಎಂದೇ. ವೇದಾಂತ ಕೇಳಲು ಬಂದವರ ಕೈಗೆ ಮೊದಲು ತೆಂಗಿನಕಾಯಿ ಕೊಟ್ಟು ತುರಿಯಲು ಹೇಳುವುದು ಅವರ ಅಭ್ಯಾಸ. ಬೊಮ್ಮಯ್ಯನೂ ತುರಿಯುತ್ತಿದ್ದ.

"ಯಾಕೆ ಕೇಳಿದೆ?" ಎಂದರು ಗುರುಗಳು.

"ಬೆಳಿಗ್ಗೆ ಅಕ್ಕ ಬಂದಿದ್ದಳಲ್ಲ" ಎಂದ ಬೊಮ್ಮಯ್ಯ.

ಅಷ್ಟು ಹೇಳಿದರೆ ಸಾಕಾಗಿತ್ತು. ಬೊಮ್ಮಯ್ಯನ ಮತ್ತು ಅವನ ಅಕ್ಕ ಬೀರಮ್ಮನ ಸಂಗತಿ ಮಠದಲ್ಲಿ ಎಲ್ಲರಿಗೂ ಗೊತ್ತು. ಅವನು ಹುಬ್ಬಳ್ಳಿಯ ಕಟ್ಟಿಗೆ ಅಡ್ಡೆಯಲ್ಲಿ ಕೆಲಸಕ್ಕಿದ್ದಾಗ ಊರಲ್ಲಿ ತಾಯಿ ತೀರಿಕೊಂಡಳು. ಅಕ್ಕ ತಮ್ಮನಿಗೆ ಹೇಳಿ ಕಳಿಸಲಿಲ್ಲ. ದಾಯಾದಿಗಳ ಕೈಯಲ್ಲಿ ಬೆಂಕಿ ಇಡಿಸಿದಳು. ಕ್ರಿಯೆಯೆಲ್ಲ ಮುಗಿದ ಮೇಲೆ ಸುದ್ದಿ ಬಂತು. ಬೊಮ್ಮಯ್ಯ ಊರಿಗೆ ಹೋದ, ತಾಯಿಯ ಪಟಕ್ಕೆ ಕೈಮುಗಿದ, ಅಕ್ಕ ಬಡಿಸಿದ್ದನ್ನು ಉಂಡ, ಎದ್ದು ಬಂದ. ಯಾಕೆ ಹೀಗೆ ಮಾಡಿದೆ ಎಂದು ಕೇಳಲೇ ಇಲ್ಲ. ಇನ್ನೊಬ್ಬನಾಗಿದ್ದರೆ ಅಂಗಳದಲ್ಲೇ ನಿಂತು ಕೆಂಡ ಕಾರುತ್ತಿದ್ದ, ಊರು ಒಂದಾಗುವಂತೆ ಕೂಗಾಡುತ್ತಿದ್ದ. ಇವನು ಒಂದು ಮಾತು ಎತ್ತಲಿಲ್ಲ. ಅಲ್ಲಿಂದ ನೆಟ್ಟಗೆ ಮಠಕ್ಕೆ ಬಂದು ಸೇರಿದ.

ಈ ದಿನ ಬೆಳಿಗ್ಗೆ ಬೀರಮ್ಮ ತಾನಾಗಿ ಬಂದಿದ್ದಳು. ತಮ್ಮನಿಗೆ ದೀಕ್ಷೆ ಎಂದು ಯಾರೋ ಹೇಳಿದ್ದರಂತೆ. ಜಗಲಿಯ ಮೇಲೆ ಕುಳಿತಳು. ಬೊಮ್ಮಯ್ಯ ಬಂದು ಕೈಮುಗಿದ, ಮಜ್ಜಿಗೆ ತಂದುಕೊಟ್ಟ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದ.

"ತಮ್ಮಾ, ಅವತ್ತು ಆಯಿ ಹೋದಾಗ ನಾ ನಿಂಗೆ..." ಎಂದು ಬೀರಮ್ಮ ಬಾಯಿ ತೆರೆದಳು.

"ಅದೆಲ್ಲ ಆಗಿಹೋತಲ್ಲ ಅಕ್ಕ. ನನ್ನ ಮನಸ್ನಾಗೆ ಏನೂ ಇಲ್ಲ" ಎಂದು ಬೊಮ್ಮಯ್ಯ ನಕ್ಕುಬಿಟ್ಟ.

ಅವಳು ಅವನ ಮುಖವನ್ನೇ ನೋಡಿದಳು. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡು ಎದ್ದಳು, ಕಂಬ ಹಿಡಿದು ನಿಧಾನವಾಗಿ ಜಗಲಿ ಇಳಿದು ಹೋದಳು. ಉಳಿದ ಶಿಷ್ಯರು ದೂರದಿಂದ ನೋಡುತ್ತಿದ್ದರು. ಇಂಥ ಶಾಂತಿ ಎಲ್ಲರಿಗೂ ಬರುವುದಲ್ಲ ಎಂದು ಆಡಿಕೊಂಡರು. ಆ ಮಾತು ಬೊಮ್ಮಯ್ಯನ ಕಿವಿಗೆ ಬಿತ್ತು. ಬೀಳಬೇಕಾದಷ್ಟಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಬಿತ್ತು ಎನ್ನಬೇಕು.

"ನನ್ನ ಮೈಯಲ್ಲಿ ಎಲ್ಲೂ ಬಿಸಿ ಏಳಲಿಲ್ಲ ಗುರುಗಳೇ" ಎಂದ ಈಗ. "ಎಷ್ಟು ಹುಡುಕಿದರೂ ಇಲ್ಲ. ಅದಕ್ಕೇ ಕೇಳಿದೆ."

ಗುರುಗಳು ಮೊಗೆಕಾಯಿಯ ತಿರುಳನ್ನು ಒಂದು ಕಡೆ ತೆಗೆದಿಟ್ಟರು. ಹಡಗಿನಲ್ಲಿ ತಮ್ಮ ಜೊತೆ ಪಾತ್ರೆ ತಿಕ್ಕುತ್ತಿದ್ದ ಒಬ್ಬ ಫಿಲಿಪಿನೊ ಇದ್ದ, ಇದು ಅವನು ಹೇಳಿದ ಕತೆ, ನಿಜವೋ ಸುಳ್ಳೋ ಅವನಿಗೇ ಗೊತ್ತು ಎಂದರು. ಆಮೇಲೆ ಹೇಳತೊಡಗಿದರು.

ಫಿಲಿಪೀನ್ಸಿನ ಒಂದು ದ್ವೀಪದಲ್ಲಿ ಒಂದು ಮೀನುಗಾರರ ಊರಿತ್ತು. ಸಿಟ್ಟು ಬರದ ಮನುಷ್ಯ ಅಲ್ಲೂ ಇರಲಿಲ್ಲ. ಆದರೆ ಸಿಟ್ಟನ್ನು ಹೇಳುವುದಕ್ಕೆ ಅವರಲ್ಲಿ ಕ್ರಮವಿತ್ತು. ನಮ್ಮಲ್ಲಿ ಪಿತ್ತ ನೆತ್ತಿಗೇರುತ್ತದೆ, ಮೈಯೆಲ್ಲ ಉರಿಯುತ್ತದೆ, ಹಲ್ಲು ಮಸೆಯುತ್ತೇವೆ. ಅವರಲ್ಲೂ ಹಾಗೆಯೇ. ಸಿಟ್ಟು ಮೈಯಲ್ಲಿ ಎಲ್ಲಿ ಬಂದು ಕುಳಿತಿದೆ ಎಂದು ಬಾಯಿಬಿಟ್ಟು ಹೇಳುತ್ತಿದ್ದರು.

ಮೊದಲು ಬರುವ ಮಾತು, ಮಾಯಿನಿತ್ ಅಂಗ್ ಉಲೊ ಕೊ. ನನ್ನ ತಲೆ ಬಿಸಿಯಾಗಿದೆ. ಇದನ್ನು ಕೇಳಿದವರು ಎದುರು ಮಾತಾಡದೆ ಪಕ್ಕಕ್ಕೆ ಸರಿಯುತ್ತಿದ್ದರು. ಅದಕ್ಕಿಂತ ಹೆಚ್ಚಾದರೆ, ಕುಮುಕುಲೊ ಅಂಗ್ ದುಗೊ ಕೊ. ನನ್ನ ರಕ್ತ ಕುದಿಯುತ್ತಿದೆ. ಆಗ ಅಕ್ಕಪಕ್ಕದವರು ಇಬ್ಬರನ್ನೂ ಕೂರಿಸುತ್ತಿದ್ದರು. ರಕ್ತ ಕುದಿಯುವವನು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಬೇಕು, ಇನ್ನೊಬ್ಬ ಅಡ್ಡ ಬಾಯಿ ಹಾಕದೆ ಕೇಳಬೇಕು. ಕೊನೆಯದು ಭಯಂಕರ. ನಗ್ದಿದಿಲಿಮ್ ಅಂಗ್ ಪನಿಂಗಿನ್ ಕೊ. ನನ್ನ ಕಣ್ಣಿಗೆ ಕತ್ತಲೆ ಕವಿಯುತ್ತಿದೆ. ಈ ಮಾತು ಬಂತೆಂದರೆ ಗಂಡಸರು ಸೊಂಟದ ಕತ್ತಿ ಬಿಚ್ಚಿ ನೆಲಕ್ಕಿಡುತ್ತಿದ್ದರು. ಮೀನು ಕೊಯ್ಯುತ್ತಿದ್ದ ಹೆಂಗಸರೂ ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಿದ್ದರು. ಸಿಟ್ಟಿಗೆದ್ದವನೂ ತನ್ನ ಕತ್ತಿಯನ್ನು ತಾನೇ ಬಿಚ್ಚಿ ಕೊಡುತ್ತಿದ್ದ. ಆ ಮಾತು ಹೇಳುವುದೇ ಅದಕ್ಕೆ.

ಎಲ್ಲ ಸಮಾಧಾನವಾದ ಮೇಲೆ ಹೇಳುವ ಮಾತೂ ಒಂದಿತ್ತು. ಮಲಾಮಿಗ್ ಅಂಗ್ ಉಲೊ ಕೊ. ನನ್ನ ತಲೆ ತಣ್ಣಗಿದೆ. ಅದನ್ನು ಹೇಳಿದ ಮೇಲೆ ಮುಗಿಯಿತು. ಆ ವಿಷಯವನ್ನು ಮತ್ತೆ ಯಾರೂ ಕೆದಕುವಂತಿರಲಿಲ್ಲ.

ಆ ಊರಿನಲ್ಲಿ ಒಬ್ಬ ಮೀನುಗಾರ, ಒಬ್ಬ ಬಡಗಿ. ಚಿಕ್ಕಂದಿನಿಂದ ಜೊತೆಗಾರರು. ಮೀನುಗಾರನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಬೆಳಿಗ್ಗೆ ಗಾಳಿಯ ಮೇಲೆ ತಲೆ ಬಿಸಿ, ಮಧ್ಯಾಹ್ನ ಬಲೆಯ ಮೇಲೆ ರಕ್ತ ಕುದಿ. ಸಂಜೆ ನೋಡಿದರೆ ಮರಳಿನ ಮೇಲೆ ಕುಳಿತು ಕಂಡಕಂಡವರನ್ನು ಕರೆದು ಸುಟ್ಟ ಮೀನು ತಿನ್ನಿಸುತ್ತಿದ್ದ. ಊರವರು ಅವನ ಸಿಟ್ಟಿಗೆ ಪಕ್ಕಕ್ಕೆ ಸರಿದೂ ಸರಿದೂ ಕಾಲು ಸವೆಸಿಕೊಂಡಿದ್ದರು.

ಬಡಗಿ ಹಾಗಲ್ಲ. ಹಸುವಿನಂಥವನು. ಅವನ ಬಾಯಿಂದ ತಲೆ ಬಿಸಿ ಎಂಬ ಮಾತನ್ನು ಕೇಳಿದವರೇ ಇಲ್ಲ. ಆ ಮಾತುಗಳೆಲ್ಲ ಬಾಯಿ ಹತೋಟಿಯಲ್ಲಿ ಇಲ್ಲದವರಿಗೆ ಎಂದು ಅವನು ತಿಳಿದಿದ್ದ. ತಾಯಂದಿರು ಮಕ್ಕಳಿಗೆ ಅವನನ್ನೇ ತೋರಿಸಿ ಬುದ್ಧಿ ಹೇಳುತ್ತಿದ್ದರು. ಅದೂ ಅವನಿಗೆ ಗೊತ್ತಿತ್ತು.

ಇಬ್ಬರೂ ಸೇರಿ ಒಂದು ದೋಣಿ ಕಟ್ಟಿದರು. ಅಲ್ಲಿನ ದೋಣಿ ನಮ್ಮ ದೋಣಿಯ ಹಾಗಲ್ಲ. ಉದ್ದಕ್ಕೆ, ತೆಳ್ಳಗೆ ಇರುತ್ತದೆ. ಮಗುಚಬಾರದೆಂದು ಎರಡು ಪಕ್ಕಕ್ಕೂ ಬಿದಿರಿನ ರೆಕ್ಕೆ ಕಟ್ಟುತ್ತಾರೆ. ಮೊಳೆ ಇಲ್ಲ, ಬರೀ ಹಗ್ಗದ ಗಂಟು. ಗಂಟು ಬಿಟ್ಟರೆ ರೆಕ್ಕೆ ಹೋಯಿತು, ರೆಕ್ಕೆ ಹೋದರೆ ದೋಣಿ ಹೋಯಿತು. ಮರ ಬಡಗಿಯ ಹಿತ್ತಿಲಿನದು. ಅವನ ಅಪ್ಪ ನೆಟ್ಟದ್ದು. ಮರ ಯಾರ ಹಿತ್ತಿಲಿನದೋ ಆ ಮನೆಯ ಮಗಳ ಹೆಸರನ್ನು ದೋಣಿಯ ಮೂತಿಯ ಮೇಲೆ ಬರೆಯುವುದು ಆ ಊರಿನ ರೂಢಿ. ಬಡಗಿಯ ಮಗಳು ತನ್ನ ಹೆಸರು ನೀರಿನ ಮೇಲೆ ಹೋಗುವುದನ್ನು ನೋಡಲು ದಿನವೂ ಬಂದು ದೋಣಿಯ ಪಕ್ಕ ಕೂರುತ್ತಿದ್ದಳು.

ಬಣ್ಣ ಹಚ್ಚುವ ಕೆಲಸ ಮೀನುಗಾರನದು. ಅವನು ಅಂದು ಬೆಳಿಗ್ಗೆ ಏನು ಉಮೇದಿನಲ್ಲಿದ್ದನೋ, ದೋಣಿಯ ಮೂತಿಯ ಮೇಲೆ ತನ್ನ ಮಗಳ ಹೆಸರು ಬರೆದುಬಿಟ್ಟ. ದೊಡ್ಡ ಕೆಂಪು ಅಕ್ಷರದಲ್ಲಿ ಬರೆದ. ಬರೆದು ಮುಗಿಸಿ ಹಿಂದೆ ಸರಿದು ನೋಡಿದಾಗ ಅವನಿಗೂ ಪೆಚ್ಚಾಯಿತು. ಬಡಗಿ ಬಂದು ನಿಂತಿದ್ದ.

"ನಿನ್ನ ತಲೆ ಬಿಸಿಯಾಯಿತೇ?" ಎಂದು ಕೇಳಿದ ಮೀನುಗಾರ. "ಆಗಿದ್ದರೆ ಹೇಳಿಬಿಡು. ಈಗಲೇ ಒರೆಸುತ್ತೇನೆ, ಬಣ್ಣ ಇನ್ನೂ ಒಣಗಿಲ್ಲ."

"ನನ್ನ ತಲೆ ತಣ್ಣಗಿದೆ" ಎಂದ ಬಡಗಿ.

ಮೀನುಗಾರ ಅವನ ಹೆಗಲ ಮೇಲೆ ಕೈಹಾಕಿ, ನಿನ್ನಂಥವನು ಇನ್ನೊಬ್ಬನಿಲ್ಲ ಎಂದ. ಬಣ್ಣ ಒಣಗಿತು. ಬಡಗಿಯ ಮಗಳು ಮನೆಗೆ ಹೋಗಿ ಚಾಪೆಯ ಮೇಲೆ ಮುಖ ಅಡಗಿಸಿ ಅತ್ತಳು. ಹೆಸರು ಅಂದರೆ ಏನು, ಒಂದಿಷ್ಟು ಬಣ್ಣ ಎಂದು ಬಡಗಿ ಅವಳನ್ನು ಸಮಾಧಾನ ಮಾಡಿದ. ಆಮೇಲೆ ಅವಳು ದೋಣಿಯ ಕಡೆ ಹೋಗಲಿಲ್ಲ.

ಬಡಗಿಯ ನಡತೆಯಲ್ಲಿ ಏನೂ ಬದಲಾಗಲಿಲ್ಲ. ಮೀನುಗಾರ ಕರೆದಾಗ ಹೋದ, ಕೊಟ್ಟದ್ದನ್ನು ತಿಂದ, ನಗುವಾಗ ನಕ್ಕ. ಬರಬರುತ್ತಾ ಒಂದು ವ್ಯತ್ಯಾಸ ಮಾತ್ರ ಆಗಿತ್ತು. ಅದು ಅವನಿಗೇ ಗೊತ್ತಾಗಿರಲಿಲ್ಲ. ಮೊದಲೆಲ್ಲ ಅವನು ದೋಣಿಯನ್ನು ನಮ್ಮದು ಎನ್ನುತ್ತಿದ್ದ. ಈಗ ಅವನದು ಎನ್ನುತ್ತಿದ್ದ.

ದೋಣಿ ನೀರಿಗೆ ಇಳಿಯುವ ಮುಂಚೆ ದಡದಲ್ಲಿ ಉಳಿಯುವವನು ಒಂದು ಕೆಲಸ ಮಾಡಬೇಕಿತ್ತು. ಪ್ರತಿ ಗಂಟನ್ನೂ ಕೈಯಿಂದ ಸವರಿ ನೋಡಬೇಕು. ಎಲ್ಲ ಸರಿಯಿದ್ದರೆ ಬಿದಿರನ್ನು ಅಂಗೈಯಿಂದ ತಟ್ಟಬೇಕು. ಆ ಸದ್ದು ಕೇಳಿದ ಮೇಲೆ ದೋಣಿಯಲ್ಲಿದ್ದವನು ಹುಟ್ಟು ಹಾಕುತ್ತಿದ್ದ. ದಡದಲ್ಲಿ ಉಳಿಯುವವನು ಬಡಗಿಯೇ. ಅವನು ಕಟ್ಟಿದ ಗಂಟು ಅವನ ಬೆರಳಿಗೆ ಗೊತ್ತಿರುತ್ತಿತ್ತು.

ಒಂದು ಬೆಳಿಗ್ಗೆ ಎಡಗಡೆಯ ಗಂಟನ್ನು ಸವರಿದಾಗ ಬೆರಳಿಗೆ ಜಿಗುಟು ಹತ್ತಿತು. ಹಗ್ಗ ಒಳಗಿನಿಂದ ಕೊಳೆತಿತ್ತು. ಬಡಗಿಯ ಕೈ ಅಲ್ಲೇ ನಿಂತಿತು. ಮೀನುಗಾರ ಅತ್ತ ಮುಖ ಮಾಡಿ ಗಾಳಿಯ ಜೊತೆ ಜಗಳಕ್ಕೆ ಬಿದ್ದಿದ್ದ. ಇವತ್ತೂ ತೆಂಕಣ ಗಾಳಿಯೇ, ನನ್ನ ರಕ್ತ ಕುದಿಯುತ್ತಿದೆ ಎಂದು ಆಕಾಶಕ್ಕೆ ಕೈ ಎತ್ತಿ ಕೂಗುತ್ತಿದ್ದ.

ಬಡಗಿಯ ಕಣ್ಣು ದೋಣಿಯ ಮೂತಿಯ ಮೇಲೆ ಹೋಯಿತು. ಅವನ ದೋಣಿ, ಅವನ ಮಗಳ ಹೆಸರು, ಅವನೇ ನೋಡಿಕೊಳ್ಳಲಿ ಎಂದುಕೊಂಡ. ಇಷ್ಟೇ ಎಂದುಕೊಂಡದ್ದು. ಕೆಡುಕು ಬಯಸಲಿಲ್ಲ. ತಲೆ ನಿಜಕ್ಕೂ ತಣ್ಣಗಿತ್ತು. ಬಿದಿರನ್ನು ತಟ್ಟಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಕೈಯನ್ನು ಚಡ್ಡಿಗೆ ಒರೆಸಿಕೊಂಡು ದಡದ ಕಡೆ ನಡೆದ.

ಮೀನುಗಾರ ತಿರುಗಿ ನೋಡಿದಾಗ ಬಡಗಿಯ ಬೆನ್ನು ಕಂಡಿತು. ತಟ್ಟಿದ ಸದ್ದು ಕೇಳಿರಲಿಲ್ಲ. ತನ್ನ ಕೂಗಾಟದಲ್ಲಿ ತನಗೇ ಕೇಳಿಸಿಲ್ಲ ಎಂದುಕೊಂಡ. ಬಡಗಿಯ ಬಗ್ಗೆ ಬೇರೆ ಏನನ್ನಾದರೂ ಅಂದುಕೊಳ್ಳಲು ಅವನಿಗೆ ಕಾರಣವೇ ಇರಲಿಲ್ಲ. ತಲೆ ತಣ್ಣಗಿದೆ ಎಂದವನಲ್ಲವೇ. ಹುಟ್ಟು ಹಾಕಿದ.

ಅಂದು ಬಿರುಗಾಳಿ ಏಳಲಿಲ್ಲ. ಸಮುದ್ರ ಸುಮ್ಮನೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಬಿದಿರಿನ ರೆಕ್ಕೆ ತೇಲಿಕೊಂಡು ದಡಕ್ಕೆ ಬಂತು. ಊರಿನ ದೋಣಿಗಳೆಲ್ಲ ಹೊರಟವು. ಮಗುಚಿದ ದೋಣಿ ಸಿಕ್ಕಿತು. ಮೀನುಗಾರ ಸಿಗಲಿಲ್ಲ.

ಅವನ ಹೆಂಡತಿ ನೀರಿನ ಅಂಚಿನಲ್ಲಿ ನಿಂತು ಆ ಭಾಷೆಯಲ್ಲಿ ಸಿಟ್ಟಿಗೆ ಎಷ್ಟು ಮಾತಿವೆಯೋ ಅಷ್ಟನ್ನೂ ಸಮುದ್ರಕ್ಕೆ ಹೇಳಿದಳು. ಕಣ್ಣಿಗೆ ಕತ್ತಲೆ ಕವಿಯಿತು ಎಂದಾಗ ಊರವರು ಕತ್ತಿ ಕೆಳಗಿಟ್ಟು ಅವಳನ್ನು ಹಿಡಿದು ಕೂರಿಸಿದರು. ಅವಳು ಅತ್ತಳು. ಉಳಿದವರೂ ಅತ್ತರು.

ಊರ ಹಿರಿಯ ಬಡಗಿಯನ್ನು ಕರೆದು ವಿಚಾರಿಸಿದ. ನಿಮ್ಮಿಬ್ಬರಲ್ಲಿ ಏನಾದರೂ ಇತ್ತೇ ಎಂದು ಕೇಳಿದ. ಏನೂ ಇರಲಿಲ್ಲ ಎಂದ ಬಡಗಿ. ಹೌದು, ಇವನ ಬಾಯಲ್ಲಿ ಒಂದು ಬಿಸಿ ಮಾತನ್ನು ನಾವು ಯಾರೂ ಕೇಳಿಲ್ಲ ಎಂದು ಊರೆಲ್ಲ ಸಾಕ್ಷಿ ಹೇಳಿತು. ಜೊತೆಗಾರನನ್ನು ಕಳೆದುಕೊಂಡ ಪಾಪದವನು ಎಂದು ಅವನ ಬೆನ್ನು ಸವರಿದರು.

ಮಾರನೆಯ ಬೆಳಿಗ್ಗೆ ಬಡಗಿ ಒಬ್ಬನೇ ದಡಕ್ಕೆ ಹೋದ. ನನ್ನ ತಲೆ ಬಿಸಿಯಾಗಿದೆ ಎಂದ. ಆ ಮಾತನ್ನು ಅವನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಮರವನ್ನು ನನ್ನ ಅಪ್ಪ ನೆಟ್ಟಿದ್ದ, ನನ್ನ ಮಗಳು ಅತ್ತಳು, ನನ್ನ ರಕ್ತ ಕುದಿಯುತ್ತಿದೆ ಎಂದ. ಪೂರ್ತಿ ಹೇಳಿದ. ಅಡ್ಡ ಬಾಯಿ ಹಾಕದೆ ಕೇಳಬೇಕಾದವನು ಇರಲಿಲ್ಲ. ಅವನು ಬದುಕಿರುವವರೆಗೂ ದಿನವೂ ಹೋಗಿ ಹೇಳುತ್ತಿದ್ದ. ಜನ ಅದನ್ನು ದುಃಖ ಎಂದುಕೊಂಡು ದೂರದಿಂದಲೇ ಕೈಮುಗಿಯುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿ ಹೆಚ್ಚಿದ ಹೋಳುಗಳನ್ನು ನೀರಿಗೆ ಹಾಕಿದರು. ಬೊಮ್ಮಯ್ಯನ ಕೈಯಲ್ಲಿದ್ದ ತೆಂಗಿನ ಕಡಿಯಲ್ಲಿ ತುರಿಯಲು ಏನೂ ಉಳಿದಿರಲಿಲ್ಲ. ಅವನು ಕರಟವನ್ನೇ ತುರಿಯುತ್ತಿದ್ದ. ಅವನಿಗೆ ಕತೆ ಹಿಡಿಸಲಿಲ್ಲ. ಸುಮ್ಮನಿದ್ದವನನ್ನು ಕೆಟ್ಟವನನ್ನಾಗಿ ಮಾಡಿ ಕೂಗುಮಾರಿಯನ್ನು ಒಳ್ಳೆಯವನನ್ನಾಗಿ ಮಾಡಿದ ಹಾಗೆ ಕಂಡಿತು. ಒಳಗೆ ಎಲ್ಲೋ ಒಂದು ಕಸಿವಿಸಿ ಎದ್ದಿತು. ಅದನ್ನು ಅವನು ತಕ್ಷಣ ಅದುಮಿದ. ಅದುಮುವುದು ಅವನಿಗೆ ಚೆನ್ನಾಗಿ ರೂಢಿಯಾಗಿತ್ತು.

"ತಪ್ಪು ಮೀನುಗಾರನದೂ ಇತ್ತಲ್ಲ ಗುರುಗಳೇ" ಎಂದ. "ಹೆಸರು ಬರೆದವನು ಅವನು."

"ಇತ್ತು. ಅದಕ್ಕೇ ಸಿಟ್ಟು ಬಂದದ್ದು."

"ಆ ಬಡಗಿ ಗಂಟು ಕೊಳೆತದ್ದನ್ನು ನೋಡಿಯೂ ಸುಮ್ಮನಿದ್ದ. ನಾನು ಹಾಗೆ ಏನು ಮಾಡಿದ್ದೇನೆ? ಅಕ್ಕನಿಗೆ ನಾನು ಕೆಡುಕು ಬಯಸಿಲ್ಲ. ಬೆಳಿಗ್ಗೆ ನೀವೂ ಜಗಲಿಯ ಆ ತುದಿಯಲ್ಲೇ ಕುಳಿತಿದ್ದಿರಿ, ಎಲ್ಲ ನೋಡಿದಿರಿ. ನನ್ನ ಬಾಯಿಂದ ಒಂದು ಬಿಸಿ ಮಾತು ಬಂತೇ?"

ಅವನ ದನಿ ಏರಿತ್ತು. ಗುರುಗಳು ಈಳಿಗೆಮಣೆಯನ್ನು ಮಡಚಿ ಗೋಡೆಗೆ ಒರಗಿಸಿದರು. ಅವನ ಕಡೆ ತಿರುಗಿ ಕುಳಿತು, ಮೆಲ್ಲಗೆ, ಬೈಯುವ ಧಾಟಿ ಒಂದಿಷ್ಟೂ ಇಲ್ಲದೆ ಹೇಳಿದರು:

"ಜಗಲಿ ಇಳಿಯುವಾಗ ಅವಳ ಎರಡು ಪಾದವೂ ಬಾತುಕೊಂಡಿದ್ದು ನಿನ್ನ ಕಣ್ಣಿಗೂ ಬಿತ್ತು ಬೊಮ್ಮಯ್ಯ, ಏನಾಯಿತಕ್ಕಾ ಎಂದು ಕೇಳಿದೆಯಾ?"